ಕೆಸೆಲ್‌ಬ್ರುನ್‌ನ ಗುಡಿಸುವ ವಾರ

ಕೆಲಸ ಹೋದ ಇಪ್ಪತ್ಮೂರನೆಯ ದಿನ, ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ, ಸುಧನ್ವ ಅಮೆರಿಕದ ಫ್ರೀಮಾಂಟಿನ ತನ್ನ ಅಪಾರ್ಟ್‌ಮೆಂಟಿನ ಮೆಟ್ಟಿಲು ಗುಡಿಸತೊಡಗಿದ. ಪೊರಕೆ ಇಂಡಿಯನ್ ಗ್ರೋಸರಿಯಿಂದ ತಂದದ್ದು, ತೆಂಗಿನ ಕಡ್ಡಿಯದು. ಮೇಲಿನ ಮೆಟ್ಟಿಲಿನಿಂದ ಶುರುಮಾಡಿ ಒಂದೊಂದೇ ಇಳಿಯುತ್ತ, ಮೂಲೆ ಬಂದಾಗ ಪೊರಕೆಯ ತುದಿ ಒತ್ತಿ ಕೆರೆಯುತ್ತಿದ್ದ. ಒಟ್ಟು ಹದಿನಾರು ಮೆಟ್ಟಿಲು. ಅವನ ಹೆಂಡತಿ ವಿಜಯಶ್ರೀ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹದಿಮೂರು ವರ್ಷದ ಸಂಸಾರದಲ್ಲಿ ಗಂಡ ಪೊರಕೆ ಹಿಡಿದದ್ದನ್ನು ಅವಳು ನೋಡುತ್ತಿರುವುದು ಇದು ಎರಡನೆಯ ಸಲ. ಮೊದಲನೆಯದು ಮೈಸೂರಿನಲ್ಲಿ, ಹಲ್ಲಿ ಓಡಿಸುವುದಕ್ಕೆ.

"ರೀ, ಗುಡಿಸ್ಲೇಬೇಕು ಅಂತಿದ್ರೆ ಒಳಗಡೆ ಹಾಲ್ ಇದೆಯಲ್ಲ."

"ಹಾಲ್ ನಮ್ದು. ಇದು ಸಾರ್ವಜನಿಕ," ಎಂದ ಸುಧನ್ವ, ತಲೆ ಎತ್ತದೆ. "ಪೇಜ್ ಮೂವತ್ತೆಂಟು."

ಅವನು ಹೇಳುತ್ತಿದ್ದದ್ದು ಕೈಪಿಡಿಯ ಪುಟ. ಜರ್ಮನಿಯ ಕೆಸೆಲ್‌ಬ್ರುನ್ ಎಂಬ ಊರಿನ ಒಂದು ಪಂಪು ಕಾರ್ಖಾನೆ ಅವನಿಗೆ ಕೆಲಸ ಕೊಡಲು ಒಪ್ಪಿತ್ತು. ಒಪ್ಪಿಗೆ ಪತ್ರದ ಜೊತೆಗೆ ಆ ಊರಿನ ನಗರಸಭೆ ಹೊಸ ನಿವಾಸಿಗಳಿಗಾಗಿ ಬರೆಸಿದ್ದ ಅರವತ್ನಾಲ್ಕು ಪುಟದ ಕೈಪಿಡಿಯನ್ನೂ ಕಳಿಸಿತ್ತು. ಸುಧನ್ವನ ವೀಸಾದ ಪ್ರಕಾರ ಕೆಲಸ ಹೋದ ಮೇಲೆ ಅಮೆರಿಕದಲ್ಲಿ ಉಳಿಯಲು ಅರವತ್ತು ದಿನ. ಅದರಲ್ಲಿ ಮೂವತ್ತೇಳು ಉಳಿದಿದ್ದವು. ಪತ್ರಕ್ಕೆ ಉತ್ತರ ಕೊಡಲು ಹದಿಮೂರು ದಿನ. ಅದಕ್ಕೂ ಒಂದು ದಿನ ಮುಂಚೆ, ಗುರುವಾರ, ನಗರಸಭೆಯ ಸ್ವಾಗತ ವಿಭಾಗದವರು ಇಡೀ ಕುಟುಂಬದ ಜೊತೆ ವಿಡಿಯೋ ಕಾಲಿನಲ್ಲಿ ಅರ್ಧ ಗಂಟೆ ಮಾತಾಡುವವರಿದ್ದರು.

ಇನ್ನು ಬೇಕಾಗಿದ್ದದ್ದು ವಿಜಯಶ್ರೀಯ ಒಪ್ಪಿಗೆ. ಅವಳು ಹೂಂ ಎಂದಿರಲಿಲ್ಲ. ಉಹೂಂ ಎಂದೂ ಹೇಳಿರಲಿಲ್ಲ. "ಗುರುವಾರ ಆಗ್ಲಿ, ಹೇಳ್ತೀನಿ," ಎಂದಿದ್ದಳು.

ಅವಳ ಲೆಕ್ಕ ಸರಳವಾಗಿತ್ತು. ಮೈಸೂರಿನಲ್ಲಿ ಅವಳು ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅವಳ ವೀಸಾ ಗಂಡನ ವೀಸಾದ ಬಾಲವಾಯಿತು. ಅದರಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಗಂಡನ ಗ್ರೀನ್ ಕಾರ್ಡು ಸಾಲಿನಲ್ಲಿ ಒಂದಷ್ಟು ಮುಂದೆ ಸರಿದಾಗ ಅವಳಿಗೂ ಕೆಲಸದ ಪರವಾನಗಿಗೆ ಅರ್ಜಿ ಹಾಕುವ ಅರ್ಹತೆ ಬಂತು. ಅದಕ್ಕೆ ಕಾದದ್ದು, ತಿರಸ್ಕಾರವಾದ ಒಂದು ಅರ್ಜಿಯೂ ಸೇರಿ, ಮೂರು ವರ್ಷ. ಪ್ರತಿದಿನ ಬೆಳಿಗ್ಗೆ ವೆಬ್‌ಸೈಟ್ ತೆರೆದರೆ ಒಂದೇ ಸಾಲು: ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಎಷ್ಟು ದಿನ ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಈಗ ನಾಲ್ಕು ವರ್ಷದಿಂದ ಒಂದು ಡೇಕೇರಿನಲ್ಲಿ ಎರಡು ವರ್ಷದ ಮಕ್ಕಳ ಕೋಣೆ ಅವಳದು. ಬೀಜಗಣಿತವಲ್ಲ, ಮೂಗು ಒರೆಸುವ ಕೆಲಸ. ಆದರೆ ಅವಳ ಹೆಸರಿನ ಕೆಲಸ. ಸುಧನ್ವನ ಅರವತ್ತು ದಿನ ಮುಗಿದರೆ ಅದೂ ಮುಗಿಯುತ್ತಿತ್ತು. ಜರ್ಮನಿಗೆ ಹೋದರೆ ಮತ್ತೆ ಸೊನ್ನೆಯಿಂದ, ಅದೂ ಗೊತ್ತಿಲ್ಲದ ಭಾಷೆಯಲ್ಲಿ. ಹೋಗದಿದ್ದರೆ ಮೈಸೂರು, ಅತ್ತೆಯ ಮನೆಯ ಮಹಡಿ, ಕನ್ನಡ ಅರ್ಥವಾದರೂ ಓದಲು ಬಾರದ ಒಂಬತ್ತು ವರ್ಷದ ಮಗಳು ಸಂಯುಕ್ತಾ. ಮೂರನೆಯ ದಾರಿಯನ್ನು ಸುಧನ್ವ ದಿನಾ ಲ್ಯಾಪ್‌ಟಾಪಿನಲ್ಲಿ ಹುಡುಕುತ್ತಿದ್ದ. ಅದು ಸಿಕ್ಕಿರಲಿಲ್ಲ.

ಹಾಗಾಗಿ ಅವನು ಕೈಪಿಡಿ ಓದಿದ. ಪರೀಕ್ಷೆಗೆ ಓದುವ ಹಾಗೆ, ಮೂರು ಬಣ್ಣದ ಪೆನ್ನು ಇಟ್ಟುಕೊಂಡು ಓದಿದ.

ಕೆಸೆಲ್‌ಬ್ರುನ್‌ನ ಜನಸಂಖ್ಯೆ ಒಂದು ಲಕ್ಷದ ಹದಿನೆಂಟು ಸಾವಿರ. ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆ ಒಂದು, ಪಂಪು ಮಾಡುವವು ಎರಡು, ಬಣ್ಣ ತಯಾರಿಸುತ್ತಿದ್ದದ್ದು ಒಂದಿತ್ತು, ಮುಚ್ಚಿದೆ. ಬಣ್ಣದ ಕಾರ್ಖಾನೆ ನಡೆಯುತ್ತಿದ್ದಾಗ ಆ ದಿನ ಯಾವ ಬಣ್ಣ ಕಲಸಿದ್ದಾರೆಂದು ನದಿ ನೋಡಿ ಹೇಳಬಹುದಿತ್ತಂತೆ. ಈಗ ಅದೇ ನದಿಯಲ್ಲಿ ನಗರಸಭೆ ವರ್ಷಕ್ಕೊಮ್ಮೆ ಮೀನು ಎಣಿಸಿ ಫಲಿತಾಂಶವನ್ನು ಗೋಡೆಗೆ ಅಂಟಿಸುತ್ತದೆ. ಕಾರ್ಖಾನೆಯ ಮೂರು ಚಿಮಣಿಗಳಲ್ಲಿ ಎರಡನ್ನು ಕೆಡವಿದರು. ಮೂರನೆಯದನ್ನು ಕೆಡವಬೇಕೇ ಎಂದು ಊರಿಡೀ ಮತ ಹಾಕಿ ಬೇಡವೆಂದಿತು. ಅದರಲ್ಲೀಗ ಹೊಗೆ ಇಲ್ಲ, ಒಂದು ಜೋಡಿ ಗಿಡುಗ ಇದೆ. ಗಿಡುಗಕ್ಕೆ ಒಬ್ಬ ಅಧಿಕಾರಿ ಇದ್ದಾನೆ.

ಊರಿನಲ್ಲಿ ನೋಂದಾಯಿತ ಸಂಘಗಳು ನಾನೂರ ಹನ್ನೆರಡು. ನಿವೃತ್ತ ಎರಕದವರ ಗಾಯನ ಸಂಘಗಳೇ ಎರಡು. ಯಾವ ಹಾಡು ಮೊದಲು ಹಾಡಬೇಕೆಂಬ ವಿಷಯಕ್ಕೆ 1958ರಲ್ಲಿ ಒಡೆದವು. ಈಗಲೂ ಎರಡೂ ಮಂಗಳವಾರ ಸಂಜೆ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಮಹಡಿಯಲ್ಲಿ ಹಾಡುತ್ತವೆ. ಊರಾಚೆ ನಗರಸಭೆ ಕೊಡುವ ತೋಟದ ತುಂಡುಗಳಿವೆ. ತುಂಡಿನ ಮೂರನೇ ಒಂದು ಭಾಗದಲ್ಲಿ ತರಕಾರಿ ಇರಲೇಬೇಕು. ಟೇಪು ಹಿಡಿದು ಅಳೆಯಲು ಬರುತ್ತಾರೆ. ತಿಂಗಳ ಮೊದಲ ಗುರುವಾರ ನಗರಸಭೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಮೂರು ನಿಮಿಷ ಪ್ರಶ್ನೆ ಕೇಳಬಹುದು. ಮೇಯರ್ ಮುಂದೆ ಮರಳು ಗಡಿಯಾರವಿದೆ. ಅರವತ್ತರ ದಶಕದಲ್ಲಿ ಟರ್ಕಿಯಿಂದ ಎರಕದ ಕೆಲಸಕ್ಕೆ ಬಂದವನೊಬ್ಬನ ಮೊಮ್ಮಗಳು ಈಗ ಉಪಮೇಯರ್. ಅವಳ ಅಜ್ಜನಿಗೆ ಊರಿನಲ್ಲಿ ಮನೆ ಬಾಡಿಗೆ ಸಿಗಲು ಎಷ್ಟು ಕಷ್ಟವಾಯಿತೆಂಬುದಕ್ಕೆ ಒಂದೂವರೆ ಪುಟ.

ಮೂವತ್ತೆಂಟನೆಯ ಪುಟದಲ್ಲಿ ಗುಡಿಸುವ ವಾರ. ಒಂದೇ ಮೆಟ್ಟಿಲು ಬಳಸುವ ಮನೆಗಳು ವಾರಕ್ಕೊಂದರಂತೆ ಅದನ್ನು ಗುಡಿಸಬೇಕು. ಈ ವಾರ ಯಾರದೋ ಅವರ ಬಾಗಿಲಿಗೆ ಒಂದು ಹಲಗೆ ನೇತಾಡುತ್ತದೆ. ಗುಡಿಸಿದವರು ಅದನ್ನು ಪಕ್ಕದ ಮನೆಯ ಬಾಗಿಲಿಗೆ ದಾಟಿಸುತ್ತಾರೆ.

"ಅಲ್ಲಿ ಹೋಗಿ ಕಲಿಯೋದಲ್ಲ, ವಿಜಿ. ಗುರುವಾರ ಅವರು ಕೇಳಿದಾಗ, ಆಲ್ರೆಡಿ ಮಾಡ್ತಿದೀವಿ ಅನ್ಬೇಕು," ಎಂದ ಸುಧನ್ವ. ಸಂಯುಕ್ತಾಳ ಶಾಲೆಯ ಪ್ರಾಜೆಕ್ಟಿಗೆ ತಂದಿದ್ದ ಥರ್ಮೋಕೋಲ್ ಹಲಗೆ ಕತ್ತರಿಸಿ, 'ಈ ವಾರ ಈ ಮನೆ' ಎಂದು ಇಂಗ್ಲಿಷಿನಲ್ಲಿ ಬರೆದು, ದಾರ ಕಟ್ಟಿ ತಮ್ಮ ಬಾಗಿಲಿಗೇ ಮೊದಲು ತೂಗುಹಾಕಿದ.

"ಅಪ್ಪಾ, ದಿಸ್ ಈಸ್ ಸೋ ಎಂಬರಾಸಿಂಗ್," ಎಂದಳು ಸಂಯುಕ್ತಾ.

"ಅಭ್ಯಾಸ ಆಗತ್ತೆ," ಎಂದ.

ಕೆಲಸ ಹೋದ ಸುದ್ದಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಸುಧನ್ವ ದಿನಾ ಒಂಬತ್ತಕ್ಕೆ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿ ಲೈಬ್ರರಿಗೆ ಹೋಗಿ ಐದಕ್ಕೆ ಬರುತ್ತಿದ್ದ. ಇಪ್ಪತ್ಮೂರು ದಿನ ಮುಚ್ಚಿಟ್ಟದ್ದನ್ನು ಪೊರಕೆ ಇಪ್ಪತ್ತು ನಿಮಿಷದಲ್ಲಿ ಬಿಚ್ಚಿತು. ಶನಿವಾರ ಬೆಳಿಗ್ಗೆ ನಾಲ್ಕನೇ ಬಿಲ್ಡಿಂಗಿನ ಪ್ರಭಾ ವಾಕಿಂಗ್ ಹೊರಟಿದ್ದರು. ಇವರಿದ್ದ ಏಳನೇ ಬಿಲ್ಡಿಂಗಿನ ಮುಂದೆ ಸ್ವಲ್ಪ ನಿಧಾನ ಮಾಡಿ, ಮತ್ತೆ ವೇಗವಾಗಿ ಹೋದರು.

ಭಾನುವಾರ ಸಂಜೆ ಐದಕ್ಕೆ ಪ್ರಭಾ ಗಂಡ ಅಚ್ಯುತರ ಜೊತೆ ಬಂದರು. ಕೈಯಲ್ಲಿ ಎಂಟು ಜನಕ್ಕಾಗುವ ಸ್ಟೀಲ್ ಡಬ್ಬಿ, ಅದರ ತುಂಬ ಬಿಸಿಬೇಳೆಬಾತು. ವಿಜಯಶ್ರೀ ಡಬ್ಬಿಯ ಗಾತ್ರ ನೋಡಿದಳು. ಆ ಕಾಂಪ್ಲೆಕ್ಸಿನಲ್ಲಿ ಆ ಡಬ್ಬಿ ಬಾಣಂತನಕ್ಕೆ ಬರುತ್ತಿತ್ತು, ಇಲ್ಲವೇ ಸಾವಿಗೆ. ಅವಳು ಬಾಣಂತಿಯಾಗಿರಲಿಲ್ಲ.

ಅಚ್ಯುತ ಅಮೆರಿಕಕ್ಕೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು, ಸಿಟಿಜನ್. ವಕೀಲರೇನಲ್ಲ, ಆದರೆ ವೀಸಾದ ವಿಷಯ ಬಂದರೆ ಎಲ್ಲರೂ ವಕೀಲರಿಗಿಂತ ಮುಂಚೆ ಅವರನ್ನು ಕೇಳುತ್ತಿದ್ದರು. ಅವರು ಸೋಫಾದ ಅಂಚಿನಲ್ಲಿ ಕುಳಿತರು.

"ನೋಡಿ ಸುಧನ್ವ, ಮುಚ್ಚಿಡೋದೇನೂ ಬೇಡ. ಲೇಆಫ್ ಯಾರಿಗಾಗಲ್ಲ? ಈ ಕಾಂಪ್ಲೆಕ್ಸಲ್ಲೇ ಏಳು ಜನ ಇದಾರೆ. ಆದ್ರೆ ಈ ಕೆಲಸ ಹಿಡಿದಿದ್ದು ತಪ್ಪು."

"ಯಾವ ಕೆಲಸ?"

"ಮೆಟ್ಟಿಲು."

"ಅದು ಕೆಲಸ ಅಲ್ಲ."

"ನಾನು ಮರ್ಯಾದೆ ವಿಷಯ ಹೇಳ್ತಿಲ್ಲಪ್ಪ. ಗುಡಿಸೋದ್ರಲ್ಲಿ ಅವಮಾನ ಏನಿಲ್ಲ. ಪರ್ಮಿಷನ್ ಇಲ್ದೆ ದುಡಿಯೋ ಹಾಗಿಲ್ಲ, ಅಷ್ಟೇ. ಬಾಡಿಗೇಲಿ ಒಂದ್ ಡಾಲರ್ ಮುರ್ಕೊಂಡ್ರೂ ಅದು ಸಂಬಳ. ಅರವತ್ತು ದಿನವೂ ಹೋಗತ್ತೆ, ಮುಂದೆ ಯಾವತ್ತೂ ಕಾಲಿಡೋಕೂ ಆಗಲ್ಲ."

"ಏನೂ ಮುರ್ಕೊಂಡಿಲ್ಲ. ಸುಮ್ನೆ ಗುಡಿಸ್ದೆ."

ಅಚ್ಯುತ ಹೆಂಡತಿಯ ಮುಖ ನೋಡಿದರು. "ಸುಮ್ನೆ?"

"ಹೂಂ."

"ಸುಮ್ನೆ ಯಾರ್ರೀ ಗುಡಿಸ್ತಾರೆ?"

ಪ್ರಭಾ ವಿಜಯಶ್ರೀಯ ಕಡೆ ಬಾಗಿ ಮೆಲ್ಲಗೆ ಕೇಳಿದರು. "ರಾತ್ರಿ ನಿದ್ದೆ ಮಾಡ್ತಾರಾ?"

"ಮಾಡ್ತಾರೆ ಪ್ರಭಕ್ಕ. ಗೊರಕೇನೂ ಹೊಡೀತಾರೆ."

ಹುಚ್ಚು ಹಿಡಿದಿಲ್ಲ ಎಂದು ಸಾಧಿಸಲು ಸುಧನ್ವನಿಗೆ ಉಳಿದದ್ದು ನಿಜ ಹೇಳುವುದೊಂದೇ. ಕೈಪಿಡಿ ತೋರಿಸಿದ. ಪಂಪು, ಗಿಡುಗ, ಮರಳು ಗಡಿಯಾರ, ಹಲಗೆ, ಎಲ್ಲ ಹೇಳಿದ. ಅಚ್ಯುತ ಕನ್ನಡಕ ಹಾಕಿಕೊಂಡು ಮೂವತ್ತೆಂಟನೆಯ ಪುಟವನ್ನು ಎರಡು ಸಲ ಓದಿದರು.

"ಜರ್ಮನೀಲಿ ಇಂಜಿನಿಯರುಗಳೇ ಗುಡಿಸ್ಬೇಕಾ?" ಎಂದರು ಪ್ರಭಾ.

"ಎಲ್ರೂ. ಉಪಮೇಯರೂ."

"ಅಯ್ಯೋ ಪಾಪ," ಎಂದರು ಪ್ರಭಾ. ಉಪಮೇಯರಿಗೆ ಅಂದರೋ ಇವರಿಗೆ ಅಂದರೋ ತಿಳಿಯಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ ವಿಜಯಶ್ರೀಯ ಮೊಣಕೈ ಹಿಡಿದರು. "ನೀನೇನ್ ಹೇಳ್ದೆ?"

"ಗುರುವಾರದ್ ಕಾಲ್ ಆದ್ಮೇಲೆ ಹೇಳ್ತೀನಿ ಅಂದಿದೀನಿ."

"ಏನೇ ಡಿಸೈಡ್ ಆದ್ರೂ ಮೊದಲು ನಂಗೆ ಹೇಳ್ಬೇಕು ಕಣೇ. ಬೇರೆಯವರ ಬಾಯಲ್ಲಿ ಕೇಳಿದ್ರೆ ನಂಗೆ ಬೇಜಾರಾಗತ್ತೆ."

ರಾತ್ರಿಯ ಊಟದ ಹೊತ್ತಿಗೆ ವಾಟ್ಸಾಪ್ ಗ್ರೂಪಿನ ನೂರ ಎಂಬತ್ತು ಜನಕ್ಕೆ ವಿಷಯ ಗೊತ್ತಾಗಿತ್ತು. ಆರು ಜನ ಧೈರ್ಯ ಹೇಳಿದರು. ಒಬ್ಬರು ಕೆಲಸ ಖಾಲಿ ಇರುವ ಲಿಂಕ್ ಕಳಿಸಿದರು. ಅದು ಸುಧನ್ವನನ್ನು ತೆಗೆದುಹಾಕಿದ ಕಂಪನಿಯದೇ ಆಗಿತ್ತು. ಇನ್ನು ಬ್ಯಾಗ್ ಹಾಕಿಕೊಂಡು ಲೈಬ್ರರಿಗೆ ಹೋಗುವ ಅಗತ್ಯವಿರಲಿಲ್ಲ. ಅವನು ಸೋಮವಾರವೂ ಹೋದ. ಅಲ್ಲಿ ತಂಪಾಗಿರುತ್ತದೆ ಎಂದ.

ಮಂಗಳವಾರ, ಮನೆ ಬಾಡಿಗೆಗೆ ಕೊಟ್ಟಿದ್ದ ಲೀಸಿಂಗ್ ಆಫೀಸಿನಿಂದ ನೋಟೀಸು ಬಂತು. ಸಾರ್ವಜನಿಕ ಜಾಗಗಳಲ್ಲಿ ನಿವಾಸಿಗಳು ಸ್ವಚ್ಛತೆಯ ಕೆಲಸ ಮಾಡಕೂಡದು. ಮಾಡುವಾಗ ಬಿದ್ದರೆ ವಿಮೆ ಅನ್ವಯಿಸುವುದಿಲ್ಲ. ಬಾಗಿಲಿಗೆ ಅನುಮತಿಯಿಲ್ಲದೆ ಫಲಕ ತೂಗುಹಾಕಕೂಡದು. ಇದು ಮೊದಲ ಎಚ್ಚರಿಕೆ.

ಸುಧನ್ವ ನೋಟೀಸನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಕೈಪಿಡಿ ತೆರೆದ. ಅದರ ಹನ್ನೆರಡನೆಯ ಪುಟದ ಪ್ರಕಾರ ಕೆಸೆಲ್‌ಬ್ರುನ್‌ನಲ್ಲಿ ಮನೆ ಸಿಗಬೇಕಾದರೆ ಈಗಿನ ಮನೆಯಲ್ಲಿ ತಮ್ಮ ಮೇಲೆ ದೂರು ಇತ್ತೇ ಎಂದು ಹೇಳಬೇಕು, ಮುಚ್ಚಿಡಬಾರದು. ಹನ್ನೊಂದು ವರ್ಷ ಒಂದೂ ದೂರಿಲ್ಲದೆ ಬಾಳಿದ ಮನೆ. ಜರ್ಮನಿಗೆ ತಯಾರಾಗಲು ಹೋಗಿ ಜರ್ಮನಿಗೆ ಹೇಳಬೇಕಾದ ದೂರೊಂದನ್ನು ಸಂಪಾದಿಸಿದ್ದ.

"ಆ ಹಲಗೆ ಎಲ್ಲಿ?" ಎಂದಳು ವಿಜಯಶ್ರೀ.

"ಗುಡಿಸಾದ್ಮೇಲೆ ಕೆಳಗಿನ ಮನೆಗೆ ಹಾಕ್ದೆ. ಅವರ ವಾರ."

"ಅವರಿಗೆ ಹೇಳಿ ಹಾಕಿದ್ರಾ?"

"ಹಲಗೇಲೇ ಬರೆದಿದೆಯಲ್ಲ."

ಬುಧವಾರ ಸಂಜೆ ವಿಜಯಶ್ರೀ ಅದನ್ನು ತರಲು ಕೆಳಗಿಳಿದಳು. ಕೆಳಗಿನ ಮನೆಯಲ್ಲಿದ್ದವರು ಇನಾಯತುಲ್ಲಾ ಮತ್ತು ಅವರ ಹೆಂಡತಿ ಅಮೀನಾ. ಎಪ್ಪತ್ತು ದಾಟಿದವರು, ಮಗ ಆತಿಫ್ ಜೊತೆ ಇದ್ದರು. ಮೂರು ವರ್ಷದಲ್ಲಿ ಅವರಿಗೂ ಇವರಿಗೂ ನಡೆದ ಮಾತು 'ಹಲೋ' ಒಂದೇ. ಹೈದರಾಬಾದಿನ ಕಡೆಯವರಿರಬೇಕು ಎಂದುಕೊಂಡಿದ್ದಳು. ಬಾಗಿಲು ತೆರೆದ ಇನಾಯತುಲ್ಲಾರಿಗೆ ಅವಳು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದಳು, ಹಲಗೆ ತಪ್ಪಿ ಬಂದದ್ದು ಎಂದಳು.

"ತಪ್ಯಾಕ್ರೀ? ಪಾಳಿ ಅಲ್ಲೇನಿದು? ಹೋದ ವಾರ ನಿಮ್ಮ ಮನಿಯವರು ಕಸ ಹೊಡದ್ರು, ಈ ವಾರ ನಮ್ದು."

ವಿಜಯಶ್ರೀ ಇಂಗ್ಲಿಷ್ ಬಿಟ್ಟಳು. "ಅಂಕಲ್, ನಿಮಗೆ ಕನ್ನಡ ಬರತ್ತಾ?"

"ವಿಜಾಪುರದಾಗ ಮೂವತ್ತೊಂದು ವರ್ಷ ಕೋರ್ಟಿನ್ಯಾಗ ಶಿರಸ್ತೇದಾರ ಇದ್ದೆ. ಕನ್ನಡ ಬರದಿದ್ರ ಸಾಹೇಬ್ರು ಇಟ್ಕೋತಿದ್ರೇನು?"

"ಮತ್ತೆ ಮೂರು ವರ್ಷದಿಂದ ಯಾಕೆ ಹೇಳ್ಲಿಲ್ಲ?"

"ನೀವು ಹಲೋ ಅಂದ್ರಿ. ನಾನೂ ಹಲೋ ಅಂದೆ."

ಅವರು ಒಳಗೆ ಕರೆದರು. ಅಮೀನಾ ಚಹಾ ತಂದಿಟ್ಟರು. ವಿಜಾಪುರದಲ್ಲಿ ಅವರಿದ್ದ ವಠಾರದಲ್ಲಿ ಹನ್ನೊಂದು ಮನೆಗೆ ಒಂದೇ ನಳವಂತೆ. ನಳದ ಕಟ್ಟೆ ತಿಕ್ಕುವುದು ವಾರಕ್ಕೊಂದು ಮನೆ. ಪಾಳಿ ಯಾರದೋ ಅವರ ಹೊಸ್ತಿಲ ಮುಂದೆ ಒಂದು ಒಡಕು ಕೊಡ ಬೋರಲು ಹಾಕಿಡುತ್ತಿದ್ದರಂತೆ. "ನಮ್ದು ಕೊಡ, ನಿಮ್ದು ಹಲಗಿ. ಜರ್ಮನಿಯವರು ನಮ್ಮ ವಠಾರ ನೋಡಿ ಹೋಗ್ಯಾರೇನೋ ಯಾರಿಗ್ಗೊತ್ತು," ಎಂದರು ಇನಾಯತುಲ್ಲಾ.

ವಿಜಯಶ್ರೀ ನೋಟೀಸಿನ ವಿಷಯ ಹೇಳಿದಳು. ಅವರು ಅದನ್ನು ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಮೇಲಿಂದ ಕೆಳತನಕ ಓದಿ ಮಡಚಿ ಕೊಟ್ಟರು.

"ಇದು ನಿಮ್ಮ ಹೆಸರಿಗೈತಿ. ನನ್ನ ಹೆಸರಿಗೆ ನೋಟೀಸು ಬಂದಿಲ್ಲ."

"ಅಂಕಲ್, ಬೇಡ. ನೀವು ಜಾರಿ ಬಿದ್ರೆ?"

"ಬಿದ್ರ ವಿಮಾ ಇಲ್ಲ ಅಂತ ಬರದಾರ. ವಿಜಾಪುರದಾಗರ ಎಲ್ಲಿತ್ತು?"

ಶನಿವಾರ ಅವರು ಕೋಟು ಟೋಪಿ ಹಾಕಿಕೊಂಡು ಗುಡಿಸಿದರು. ಅಮೀನಾ ಕಿಟಕಿಯಿಂದ "ಆ ಮೂಲಿ, ಆ ಮೂಲಿ" ಎನ್ನುತ್ತಿದ್ದರು. ಗುಡಿಸಿಯಾದ ಮೇಲೆ ಹಲಗೆಯನ್ನು ಎದುರುಮನೆಗೆ ದಾಟಿಸಿದರು. ಅಲ್ಲಿದ್ದವಳು ಆಸ್ಪತ್ರೆಯ ಪಾಳಿಯಲ್ಲಿ ಯಾವಾಗಲೋ ಬಂದು ಯಾವಾಗಲೋ ಹೋಗುವ ಒಬ್ಬ ನರ್ಸ್. ಸೋಮವಾರ ಹಲಗೆಯ ಮೇಲೆ ಒಂದು ಹಳದಿ ಚೀಟಿ ಅಂಟಿತ್ತು: 'ಯಾಕೆ?' ಮಂಗಳವಾರ ಅದರ ಕೆಳಗೆ, ಕೋರ್ಟಿನ ದುಂಡು ಅಕ್ಷರದ ಇಂಗ್ಲಿಷಿನಲ್ಲಿ, ಉತ್ತರವಿತ್ತು: 'ಸರದಿಯಂತೆ.'

ಆ ವಾರ ಡೇಕೇರಿನಲ್ಲಿ ಮಕ್ಕಳು ಮಲಗಿದ ಹೊತ್ತಿನಲ್ಲಿ ವಿಜಯಶ್ರೀ ಫೋನಿನಲ್ಲಿ ಕೈಪಿಡಿ ಓದಿದಳು. ಸುಧನ್ವ ಗುರುತು ಹಾಕಿರದ ಪುಟಗಳನ್ನು ಓದಿದಳು. ಐವತ್ತೆರಡನೆಯ ಪುಟದಲ್ಲಿ ನಗರದ ಶಿಶುವಿಹಾರಗಳ ಬಗ್ಗೆ ನಾಲ್ಕು ಸಾಲಿದ್ದವು. ಕಲಿಸುವವರಿಲ್ಲದೆ ಸುಮಾರು ಇನ್ನೂರು ಮಕ್ಕಳಿಗೆ ಜಾಗ ಕೊಡಲಾಗಿಲ್ಲ. ಕೊನೆಯ ಸಾಲು: ನಗರವು ಇದಕ್ಕೆ ವಿಷಾದಿಸುತ್ತದೆ. ತನ್ನನ್ನು ಹೊಗಳಿಕೊಳ್ಳಲು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಒಂದು ಊರು ಹೀಗೆ ಬರೆದುಕೊಂಡದ್ದನ್ನು ಅವಳು ನೋಡಿರಲಿಲ್ಲ. ಆ ಸಾಲನ್ನು ಇನ್ನೊಮ್ಮೆ ಓದಿದಳು. ಗಂಡನಿಗೆ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೆ ಕಾಲ್. ಕೆಸೆಲ್‌ಬ್ರುನ್‌ನಲ್ಲಿ ಆಗ ಸಂಜೆ ನಾಲ್ಕು. ಸುಧನ್ವ ಇಸ್ತ್ರಿ ಮಾಡಿದ ಷರ್ಟು ಹಾಕಿದ್ದ. ಸಂಯುಕ್ತಾ ಸೀರಿಯಲ್ ಬಟ್ಟಲು ಹಿಡಿದು ಕೂತಿದ್ದಳು. ಪರದೆಯ ಮೇಲೆ ಬಂದ ಶ್ರೀಮತಿ ಕ್ರೇಮರ್‌ಗೆ ಅರವತ್ತರ ಹತ್ತಿರ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಹಿಂದೆ ಒಂದು ಪಾಪಾಸುಕಳ್ಳಿಯ ಕುಂಡ. ಮುಂದಿದ್ದ ಫಾರಂ ನೋಡುತ್ತ ನಿಧಾನವಾದ ಇಂಗ್ಲಿಷಿನಲ್ಲಿ ಒಂದೊಂದೇ ಕೇಳಿದರು. ಎಷ್ಟು ಜನ, ಯಾವ ಊಟ, ಪಿಯಾನೋ ಇದೆಯೇ. ಆಮೇಲೆ, ಈಗಿನ ಮನೆಯಲ್ಲಿ ನಿಮ್ಮ ಮೇಲೆ ದೂರೇನಾದರೂ ಇದೆಯೇ.

"ಒಂದಿದೆ," ಎಂದ ಸುಧನ್ವ.

"ಗಲಾಟೆಗೆ?"

"ಅಲ್ಲ."

"ನಾಯಿ?"

"ನಾಯಿ ಇಲ್ಲ. ಮೆಟ್ಟಿಲು ಗುಡಿಸಿದ್ದಕ್ಕೆ."

ಶ್ರೀಮತಿ ಕ್ರೇಮರ್ ಕನ್ನಡಕ ಹಾಕಿಕೊಂಡರು. "ಗುಡಿಸದೇ ಇದ್ದದ್ದಕ್ಕೆ."

"ಗುಡಿಸಿದ್ದಕ್ಕೆ." ಸುಧನ್ವ ನೋಟೀಸನ್ನು ಕ್ಯಾಮೆರಾಕ್ಕೆ ಹಿಡಿದ. ಅವರು ಪೂರ್ತಿ ಓದಿದರು. ಫಾರಂ ತಿರುಗಿಸಿದರು, ಇದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಪಕ್ಕದ ಬಿಳಿ ಅಂಚಿನಲ್ಲಿ ಬರೆದುಕೊಂಡರು. ಸುಧನ್ವ ಇದೇ ಸಮಯವೆಂದು ಮೂವತ್ತೆಂಟನೆಯ ಪುಟ, ಹಲಗೆ, ಪೊರಕೆ ಎಲ್ಲವನ್ನೂ ವಿವರಿಸಿದ.

"ಅದು ಹಳೆಯ ಕೈಪಿಡಿ," ಎಂದರು ಅವರು. "ಕಾರ್ಖಾನೆಯ ಮನೆಗಳಲ್ಲಿ ಈಗ ಎಂಟು ವರ್ಷದಿಂದ ಯಾರೂ ಗುಡಿಸುವುದಿಲ್ಲ. ಗುತ್ತಿಗೆಯವರು ಬರುತ್ತಾರೆ. ಅವರು ಮೂಲೆ ಬಿಡುತ್ತಾರೆ. ಅದಕ್ಕೆ ಜನ ತಿಂಗಳ ಮೊದಲ ಗುರುವಾರ ನಗರಸಭೆಗೆ ಬಂದು ಮೂರು ಮೂರು ನಿಮಿಷ ದೂರುತ್ತಾರೆ. ಮೊದಲು ಗುಡಿಸುತ್ತಿದ್ದವರೇ ಜಾಸ್ತಿ."

ಸಿಲಬಸ್ಸಿನಲ್ಲಿ ಇಲ್ಲದ್ದನ್ನು ಓದಿಕೊಂಡು ಹೋದವನ ಮುಖ ಸುಧನ್ವನದು. ಸಂಯುಕ್ತಾ ಬಟ್ಟಲಿನೊಳಗೆ ನಕ್ಕಳು.

"ಶ್ರೀಮತಿ, ನಿಮ್ಮದೇನಾದರೂ ಪ್ರಶ್ನೆ ಇದೆಯೇ?" ಎಂದು ಶ್ರೀಮತಿ ಕ್ರೇಮರ್ ವಿಜಯಶ್ರೀಯನ್ನು ಕೇಳಿದರು.

ವಿಜಯಶ್ರೀ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದಳು. ಅದನ್ನು ನೋಡದೆ ಕೇಳಿದಳು. "ಐವತ್ತೆರಡನೇ ಪುಟವೂ ಹಳೆಯದೇನಾ?"

"ಅಲ್ಲ. ಈಗ ಇನ್ನೂರ ನಲವತ್ತು ಮಕ್ಕಳು."

"ನಾನು ಅಲ್ಲಿ ಕೆಲಸ ಮಾಡಬೇಕಾದರೆ ಎಷ್ಟು ದಿನ ಕಾಯಬೇಕು?"

"ಪರವಾನಗಿಗೆ ಕಾಯಬೇಕಿಲ್ಲ. ನಿಮ್ಮ ನಿವಾಸದ ಕಾರ್ಡಿನ ಮೇಲೇ ಕೆಲಸ ಮಾಡಬಹುದೆಂದು ಅಚ್ಚಾಗಿರುತ್ತದೆ. ಸಹಾಯಕಿಯಾಗಿ ತಕ್ಷಣ ಅರ್ಜಿ ಹಾಕಬಹುದು. ಶಿಕ್ಷಕಿ ಎಂದು ಬರೆಯಬೇಕಾದರೆ ಭಾಷೆಯ ಪರೀಕ್ಷೆ, ಆಮೇಲೆ ನಿಮ್ಮ ಸರ್ಟಿಫಿಕೇಟುಗಳ ಪರಿಶೀಲನೆ." ಅವರು ಬೆರಳಲ್ಲಿ ಎಣಿಸಿದರು. "ಎಲ್ಲ ಸೇರಿ ಹತ್ತೊಂಬತ್ತು ತಿಂಗಳು. ಆಗಸ್ಟಿನಲ್ಲಿ ಅರ್ಜಿ ಹಾಕಬೇಡಿ. ಆ ಟೇಬಲಿನವನು ರಜೆಯಲ್ಲಿರುತ್ತಾನೆ. ಹಾಕಿದರೆ ಇಪ್ಪತ್ತು."

"ಇವರ ಕೆಲಸ ಅಲ್ಲೂ ಹೋದರೆ?"

ಸುಧನ್ವ ನೆಲ ನೋಡಿದ.

"ತೊಂದರೆಯಾಗುತ್ತದೆ," ಎಂದರು ಶ್ರೀಮತಿ ಕ್ರೇಮರ್. "ಸುಳ್ಳು ಹೇಳುವುದಿಲ್ಲ. ಆಗ ನಿಮಗೆ ಕೆಲಸವಿದ್ದರೆ ತೊಂದರೆ ಕಡಿಮೆ."

"ಊರು ಹೇಗಿದೆ?"

"ಬೂದು ಬಣ್ಣ. ನವೆಂಬರಿನಲ್ಲಿ ಬರಬೇಡಿ."

ಕಾಲ್ ಮುಗಿಯಿತು. ಸುಧನ್ವ ಏನೂ ಕೇಳದೆ ಅಡುಗೆಮನೆಗೆ ಹೋಗಿ ಕಾಫಿ ಲೋಟ ತೊಳೆದ. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದ. ವಿಜಯಶ್ರೀ ಮಗಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋದಳು. ಆ ದಿನ ಅವಳ ಕೋಣೆಯ ಮಕ್ಕಳಲ್ಲಿ ಇಬ್ಬರು ಕಚ್ಚಾಡಿದರು, ಒಬ್ಬ ಕ್ರೇಯಾನ್ ನುಂಗಿದ. ಮಕ್ಕಳು ಮಲಗಿದಾಗ ಅವಳು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಹತ್ತೊಂಬತ್ತು ತಿಂಗಳು ಎಣಿಸಿದಳು. ಈ ದೇಶದಲ್ಲಿ ಹನ್ನೊಂದು ವರ್ಷದಿಂದ ಅವಳು ಫಾರಂ ತುಂಬಿದ್ದಳು, ಫೋನಿನಲ್ಲಿ ಸಂಗೀತ ಕೇಳುತ್ತ ಗಂಟೆಗಟ್ಟಲೆ ಕಾದಿದ್ದಳು. ಯಾರೂ ಒಂದು ಅಂಕಿ ಹೇಳಿರಲಿಲ್ಲ. ಹತ್ತೊಂಬತ್ತು ಸಣ್ಣ ಅಂಕಿಯೇನಲ್ಲ. ಆದರೆ ಎಣಿಸಬಹುದಾದ ಅಂಕಿ. ಆಗಸ್ಟನ್ನು ಬಿಟ್ಟು ಎಣಿಸಿದಳು.

ಸಂಜೆ ಮನೆಗೆ ಬಂದು ಬಾಣಲೆಗೆ ತುಪ್ಪ ಹಾಕಿ ರವೆ ಹುರಿದಳು. ಪ್ರಭಾರ ಸ್ಟೀಲ್ ಡಬ್ಬಿ ಹನ್ನೊಂದು ದಿನದಿಂದ ಕೌಂಟರಿನ ಮೇಲೆ ಕೂತಿತ್ತು. ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ಹಾಗಿಲ್ಲ. ತುಂಬಿ ಕೊಡಲು ಹೋದರೆ ಪ್ರಭಾ ಕೇಳದೆ ಬಿಡುವುದಿಲ್ಲ. ಉತ್ತರವಿಲ್ಲದೆ ಡಬ್ಬಿ ಅಲ್ಲೇ ಉಳಿದಿತ್ತು. ಎಂಟು ಜನಕ್ಕಾಗುವ ಡಬ್ಬಿ ತುಂಬಲು ನಲವತ್ಮೂರು ರವೆಉಂಡೆ ಬೇಕಾದವು. ಸುಧನ್ವ ಬಾಗಿಲಲ್ಲಿ ನಿಂತು ನೋಡಿದ.

"ಏನು ವಿಶೇಷ?"

"ಡಬ್ಬಿ ವಾಪಸ್ ಕೊಡ್ಬೇಕು."

"ನಾಳೆ ಶುಕ್ರವಾರ," ಎಂದ.

"ಗೊತ್ತು," ಎಂದು ಚಪ್ಪಲಿ ಹಾಕಿಕೊಂಡು ಹೊರಟಳು.

ನಾಲ್ಕನೇ ಬಿಲ್ಡಿಂಗಿನಲ್ಲಿ ಪ್ರಭಾ ಡಬ್ಬಿ ತೆಗೆದುಕೊಂಡರು, ತೂಕ ನೋಡಿದರು, ಮುಚ್ಚಳ ತೆರೆದರು.

"ಏನೇ ಇದು? ಡಿಸೈಡ್ ಆಯ್ತಾ?"

"ಹೋಗ್ತಿದೀವಿ ಪ್ರಭಕ್ಕ. ಆಗಸ್ಟ್ ಒಳಗೆ."

"ಅಯ್ಯೋ ದೇವ್ರೇ. ಸುಧನ್ವ ಖುಷಿಯಾದ್ರಾ?"

"ಅವರಿಗಿನ್ನೂ ಹೇಳಿಲ್ಲ. ಮೊದಲು ನಿಮಗೆ ಹೇಳ್ಬೇಕು ಅಂದಿದ್ರಲ್ಲ."

ಪ್ರಭಾ ಮುಚ್ಚಳ ಹಾಕಿದರು. ಒಳಗಿನಿಂದ ಅಚ್ಯುತ ಫೋನ್ ಹುಡುಕುವ ಸದ್ದು ಬಂತು. "ಕೂತ್ಕೋ, ಕಾಫಿ ಮಾಡ್ತೀನಿ," ಎಂದರು ಪ್ರಭಾ, ಅವಳನ್ನು ನೋಡದೆ.

"ಬೇಡ ಪ್ರಭಕ್ಕ, ಹೊರಡ್ತೀನಿ," ಎಂದಳು ವಿಜಯಶ್ರೀ. ಆತುರವಿರಲಿಲ್ಲ. ಮೇಲ್‌ಬಾಕ್ಸ್ ತೆರೆದು ನೋಡಿದಳು, ಜಾಹೀರಾತು ಬಿಟ್ಟು ಏನೂ ಇರಲಿಲ್ಲ. ಏಳನೇ ಬಿಲ್ಡಿಂಗಿನ ಹತ್ತಿರ ಬಂದಾಗ ಇನಾಯತುಲ್ಲಾ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ಏನ್ ತಂಗಿ, ಹೊಂಟ್ರಂತ ಜರ್ಮನಿಗೆ?"

"ನಿಮಗ್ಯಾರು ಹೇಳಿದ್ರು ಅಂಕಲ್?"

"ಆತಿಫಗ ಮೆಸೇಜ್ ಬಂತು. ಅಲ್ಲಿ ಮಸೀದಿ ಐತೇನು?"

"ಎರಕದ ಕಾರ್ಖಾನೆ ಹಿಂದೆ. ನಲವತ್ತೊಂದನೇ ಪುಟ."

"ಚಲೋ ಆತು," ಎಂದರು, ತಾವೇ ಹೋಗುವವರ ಹಾಗೆ. "ಆ ಹಲಗಿ ಇಲ್ಲೇ ಬಿಟ್ಟು ಹೋಗ್ರಿ. ಇನ್ನೂ ಮೂರು ಮನಿ ಅದಾವ."

ಅವಳು ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲು ತೆರೆದೇ ಇತ್ತು. ಸುಧನ್ವ ಕೈಯಲ್ಲಿ ಫೋನ್ ಹಿಡಿದು ನಿಂತಿದ್ದ.

"ಅಚ್ಯುತ ಫೋನ್ ಮಾಡಿದ್ರು," ಎಂದ. "ಜರ್ಮನ್ ವೀಸಾಕ್ಕೆ ಬರ್ತ್ ಸರ್ಟಿಫಿಕೇಟ್ ಮೈಸೂರಿಂದ ಹೊಸದಾಗಿ ತರಿಸ್ಬೇಕಂತೆ. ಹಳೇದು ನಡೆಯಲ್ವಂತೆ."

"ಎಷ್ಟು ದಿನ ಆಗತ್ತಂತೆ?"

"ಅದು ಗೊತ್ತಿಲ್ಲಂತೆ."

"ಹಾಗಾದ್ರೆ ಇವತ್ತೇ ಮೈಸೂರಿಗೆ, ನಮ್ಮಣ್ಣಂಗೆ ಫೋನ್ ಮಾಡಿ," ಎಂದು ವಿಜಯಶ್ರೀ ಒಳಗೆ ಹೋದಳು. ಹೊಸ್ತಿಲ ಮೇಲೆ ಅಂಟಿದ್ದ ಹುರಿದ ರವೆಯನ್ನು ಸುಧನ್ವ ಬಗ್ಗಿ ಕೈಯಿಂದಲೇ ತೆಗೆದ. ಪೊರಕೆ ಮುಟ್ಟಲಿಲ್ಲ.